ಲಿಜವೇಟಾಳ ಪರವಾಗಿ ಯಾರು ಮಾತಾಡುತ್ತೀರಿ?

ಹತ್ತನೆಯ ತರಗತಿಯ ಮಕ್ಕಳ ಮುಂದೆ ದಾಸ್ತೊಯೆವ್‌ಸ್ಕಿಯ ‘ಅಪರಾಧ ಮತ್ತು ಶಿಕ್ಷೆ’ ಇಡಬಹುದೇ ಎಂದು ಶಿಕ್ಷಕರು ಕೇಳುತ್ತಿರುತ್ತಾರೆ. ಇಡಬೇಕು. 1866ರಲ್ಲಿ ‘ರಷ್ಯನ್ ಹೆರಾಲ್ಡ್’ ಪತ್ರಿಕೆಯಲ್ಲಿ ಕಂತುಕಂತಾಗಿ ಬಂದ ಕಾದಂಬರಿ ಇದು. ಹಾಗೆ ಓದಿದರೇ ಚೆನ್ನ. ಓ.ಎಲ್. ನಾಗಭೂಷಣ ಸ್ವಾಮಿಯವರ ಕನ್ನಡ ಅನುವಾದವಿದೆ. ಆರು ಭಾಗಗಳನ್ನೂ ಓದಿಸಲು ಹೋಗಬೇಡಿ. ಕೆಲವು ಪ್ರಸಂಗ ಆರಿಸಿಕೊಂಡು ಗಟ್ಟಿಯಾಗಿ, ನಿಧಾನವಾಗಿ ಓದಿ. ಹಾವೇರಿ, ಬ್ಯಾಡಗಿ, ರಾಣೆಬೆನ್ನೂರಿನ ಹೈಸ್ಕೂಲು ಮಕ್ಕಳ ಜೊತೆ ನಾನು ಮಾಡುವುದು ಇಷ್ಟೇ.

‘ಈ ಪಾತ್ರದ ಗುಣಸ್ವಭಾವ ವಿವರಿಸಿ’ ಎಂಬ ಪ್ರಶ್ನೆಗೆ ನಾಲ್ಕು ಸಾಲು ಬರೆದು ಅಂಕ ಪಡೆಯುವುದು ನಮ್ಮ ಮಕ್ಕಳಿಗೆ ರೂಢಿ. ಕಥಾನಾಯಕ, ಓದು ಬಿಟ್ಟ ಬಡ ವಿದ್ಯಾರ್ಥಿ ರಾಸ್ಕೋಲ್ನಿಕೋವ್ ಗಿರವಿ ಮುದುಕಿಯ ಮೇಲೆ ಕೊಡಲಿ ಎತ್ತಿದ ಕೂಡಲೇ ಅವರ ಉತ್ತರ ಸಿದ್ಧವಾಗಿಬಿಡುತ್ತದೆ. ಆಗ ಕನಕದಾಸರ ನೆರವು ಪಡೆಯುತ್ತೇನೆ. ಅವರ ಕಾಗಿನೆಲೆ ಇರುವುದು ಬ್ಯಾಡಗಿ ತಾಲ್ಲೂಕಿನಲ್ಲೇ. ‘ರಾಮಧಾನ್ಯ ಚರಿತೆ’ಯ ಕಥೆ ಇಲ್ಲಿಯ ಮಕ್ಕಳಿಗೆ ಗೊತ್ತು. ಭತ್ತ, ರಾಗಿ ಜಗಳವಾಡಿಕೊಂಡು ಬಂದಾಗ ರಾಮ ಎರಡನ್ನೂ ಆರು ತಿಂಗಳು ಸೆರೆಯಲ್ಲಿಡಿಸಿ, ಆಮೇಲೆ ತೀರ್ಪು ಹೇಳಿದ. ನಮ್ಮ ತೀರ್ಪೂ ಪುಸ್ತಕ ಮುಗಿಯುವ ತನಕ ತಡೆಯಲಿ ಎನ್ನುತ್ತೇನೆ. ಒಪ್ಪುತ್ತಾರೆ.

ಬ್ಯಾಡಗಿಯಲ್ಲಿ ಗಿರವಿಯ ಪ್ರಸಂಗದಿಂದಲೇ ಶುರು ಮಾಡಬೇಕು. ರಾಸ್ಕೋಲ್ನಿಕೋವ್ ಅಪ್ಪನ ಬೆಳ್ಳಿ ಗಡಿಯಾರ ಒತ್ತೆ ಇಡಲು ಹೋಗುತ್ತಾನೆ. ನಾಲ್ಕು ರೂಬಲ್ ಕೇಳಿದರೆ ಮುದುಕಿ ಅಲ್ಯೋನಾ ಒಂದೂವರೆ ಎನ್ನುತ್ತಾಳೆ. ರೂಬಲ್ಲಿಗೆ ತಿಂಗಳಿಗೆ ಹತ್ತು ಕೊಪೆಕ್ ಬಡ್ಡಿ, ಅದನ್ನು ಮೊದಲೇ ಮುರಿದುಕೊಂಡು, ಹಳೆಯ ಒತ್ತೆಯ ಬಡ್ಡಿಯನ್ನೂ ಕಳೆದು, ಕೈಗಿಡುವುದು ಒಂದು ರೂಬಲ್ ಹದಿನೈದು ಕೊಪೆಕ್. ಮೆಣಸಿನಕಾಯಿ ಪೇಟೆಯ ಮಕ್ಕಳಿಗೆ ಈ ಲೆಕ್ಕ ಬಿಡಿಸಿ ಹೇಳಬೇಕಾಗಿಲ್ಲ. ಬಿತ್ತನೆಗೆ ಮುಂಚೆ ಅವ್ವನ ಸರ ಎಲ್ಲಿಗೆ ಹೋಗುತ್ತದೆಂದು ಅವರು ಬಲ್ಲರು. ಹೋಟೆಲಿನಲ್ಲಿ ಕೂತ ಇನ್ನೊಬ್ಬ ವಿದ್ಯಾರ್ಥಿ, ಇಂಥ ಮುದುಕಿಯೊಬ್ಬಳನ್ನು ಕೊಂದು ಆ ಹಣದಲ್ಲಿ ನೂರು ಜನರನ್ನು ಬದುಕಿಸಿದರೆ ತಪ್ಪೇನು ಎಂದು ವಾದಿಸುವ ಪುಟ ಬಂದಾಗ ಅರ್ಧ ಕ್ಲಾಸು ಅವನ ಕಡೆ ವಾಲುತ್ತದೆ. ವಾಲಲಿ, ತಡೆಯಬೇಡಿ. ತಿದ್ದುವ ಕೆಲಸ ಅವರಲ್ಲೇ ಒಬ್ಬರು ಮಾಡುತ್ತಾರೆ. 2024ರ ಮಾರ್ಚಿನಲ್ಲಿ ಮೆಣಸಿನಕಾಯಿ ದರ ಕುಸಿದು ರೈತರು ಸಿಟ್ಟಿಗೆದ್ದಾಗ ಬ್ಯಾಡಗಿ ಎಪಿಎಂಸಿಯಲ್ಲಿ ವಾಹನಗಳಿಗೆ ಬೆಂಕಿ ಬಿದ್ದದ್ದನ್ನು ನೆನೆದು ಹುಡುಗನೊಬ್ಬ ಹೇಳಿದ: “ಅಕ್ಕಾರ, ಸಿಟ್ಟು ಬಂದಾಗ ಮನಷಾ ಏನರ ಮಾಡ್ತಾನ್ರಿ. ಇಂವಗ ಸಿಟ್ಟ ಬಂದಿಲ್ಲಲ್ರಿ, ಲೆಕ್ಕಾ ಹಾಕ್ಯಾನ.” ರಾಸ್ಕೋಲ್ನಿಕೋವ್‌ನ ಬಗ್ಗೆ ಇದಕ್ಕಿಂತ ನೇರವಾದ ಮಾತನ್ನು ನಾನು ಕೇಳಿಲ್ಲ. ‘ಅಸಾಮಾನ್ಯ’ ಮನುಷ್ಯರಿಗೆ ರಕ್ತ ಹರಿಸುವ ಹಕ್ಕುಂಟೆಂದು ಲೇಖನ ಬರೆದು ಪತ್ರಿಕೆಗೆ ಕಳಿಸಿದವನು ಅವನು.

ಹಾವೇರಿಯಲ್ಲಿ ರಾಸ್ಕೋಲ್ನಿಕೋವ್ ಕಂಡ ಕುದುರೆಯ ಕನಸು ಓದುತ್ತೇನೆ. ದೀಪಾವಳಿಯ ಹೋರಿ ಹಬ್ಬಕ್ಕೆಂದು ಮನೆಯಲ್ಲಿ ಹೋರಿ ಸಾಕುವ ಮಕ್ಕಳಿವರು. ಮಿಕೋಲ್ಕಾ ಎಂಬ ಕುಡುಕ ಬಡಕಲು ಕುದುರೆಯ ಬಂಡಿಗೆ ಜನರನ್ನು ಹೇರಿ, ಇದು ನನ್ನ ಸ್ವತ್ತು ಎಂದು ಕೂಗುತ್ತ, ಕೊನೆಗೆ ಹಾರೆಯಿಂದ ಬಡಿದು ಕೊಲ್ಲುತ್ತಾನೆ. ಕನಸಿನಲ್ಲಿ ಏಳು ವರ್ಷದ ಬಾಲಕನಾಗಿರುವ ರಾಸ್ಕೋಲ್ನಿಕೋವ್ ಓಡಿಹೋಗಿ ಅದರ ರಕ್ತಸಿಕ್ತ ಮೂತಿಗೆ ಮುತ್ತಿಡುತ್ತಾನೆ. ಆ ಕನಸಿನಿಂದ ಎದ್ದವನೇ ಮರುದಿನ ಸಂಜೆ ಕೊಡಲಿ ಎತ್ತುತ್ತಾನೆ. ಹಾಗಾದರೆ ಆ ಕನಸಿನಲ್ಲಿ ಅವನು ಯಾರು, ಅಳುವ ಹುಡುಗನೋ ಮಿಕೋಲ್ಕಾನೋ? ಇದರ ಮೇಲೆ ಮಕ್ಕಳು ಒಂದು ಗಂಟೆ ಜಗಳಾಡುತ್ತಾರೆ, ನಾನು ಸುಮ್ಮನಿರುತ್ತೇನೆ.

ಆದರೆ ಎಲ್ಲಕ್ಕಿಂತ ಹೆಚ್ಚು ಹೊತ್ತು ಕೊಡಬೇಕಾದದ್ದು ಲಿಜವೇಟಾಳಿಗೆ. ದೊಡ್ಡವರ ಚರ್ಚೆಗಳಲ್ಲಿ ಈಕೆಯ ಹೆಸರೇ ಬರುವುದಿಲ್ಲ. ನನಗೆ ಬೇಸರದ ಸಂಗತಿ ಅದು. ಲಿಜವೇಟಾ ಮುದುಕಿಯ ಮಲತಂಗಿ, ಅಕ್ಕನಿಂದ ಪೆಟ್ಟು ತಿನ್ನುತ್ತ ಮನೆಗೆಲಸ ಮಾಡುವವಳು, ಹಳೆ ಬಟ್ಟೆ ಮಾರುವವಳು. ಸಂಜೆ ಏಳಕ್ಕೆ ಆಕೆ ಮನೆಯಲ್ಲಿರುವುದಿಲ್ಲವೆಂದು ರಾಸ್ಕೋಲ್ನಿಕೋವ್‌ಗೆ ಗೊತ್ತಾಗಿರುತ್ತದೆ. ಆದರೂ ಬಂದುಬಿಡುತ್ತಾಳೆ, ಅವಳೂ ಸಾಯುತ್ತಾಳೆ. ಒಂದು ಸಾವು, ನೂರು ಬದುಕು ಎಂಬ ಲೆಕ್ಕ ಅಲ್ಲೇ ಮುರಿದುಬೀಳುತ್ತದೆ. ಆಮೇಲೆ ದಾಸ್ತೊಯೆವ್‌ಸ್ಕಿ ಅಲ್ಲೊಂದು ಇಲ್ಲೊಂದು ಮಾತು ಉದುರಿಸುತ್ತ ಹೋಗುತ್ತಾನೆ. ಆಕೆ ರಾಸ್ಕೋಲ್ನಿಕೋವ್‌ನ ಹರಿದ ಅಂಗಿಯನ್ನೇ ಹೊಲಿದುಕೊಟ್ಟಿದ್ದಳು ಎಂದು ಮನೆಗೆಲಸದ ನಸ್ತಾಸ್ಯಾ ಹೇಳುತ್ತಾಳೆ. ಲಿಜವೇಟಾಳ ಗೆಳತಿ ಸೋನ್ಯಾ ಆ ಕೊಲೆಗಾರನಿಗೆ ಲಾಜರಸ್ ಸತ್ತು ಬದುಕಿದ ಕಥೆಯನ್ನು ಓದಿ ಹೇಳುವ ಪುಸ್ತಕವಿದೆಯಲ್ಲ, ಅದನ್ನು ಸೋನ್ಯಾಳಿಗೆ ತಂದುಕೊಟ್ಟವಳು ಲಿಜವೇಟಾ. ರಾಣೆಬೆನ್ನೂರಿನಲ್ಲಿ ಇದನ್ನು ಓದಿದಾಗ ಹುಡುಗಿಯರು ಪುಟ ಹಿಂದಕ್ಕೆ ತಿರುಗಿಸಿ ಮತ್ತೊಮ್ಮೆ ನೋಡಿದರು.

ರಾಣೆಬೆನ್ನೂರಿಗೆ ರಷ್ಯನ್ ಸಾಹಿತ್ಯ ದೂರದ್ದೂ ಅಲ್ಲ. 1923ರಲ್ಲಿ ಇದೇ ಊರಿನಲ್ಲಿ ಹುಟ್ಟಿದ ಕವಿ ಸು.ರಂ. ಎಕ್ಕುಂಡಿ ರಷ್ಯನ್ ಕಾದಂಬರಿಗಳನ್ನು ಕನ್ನಡಕ್ಕೆ ತಂದವರು, ಬಂಕಿಕೊಡ್ಲದ ಹೈಸ್ಕೂಲಿನಲ್ಲಿ ಮಾಸ್ತರಾಗಿದ್ದವರು. ಇಲ್ಲಿಯ ಪ್ರತಿ ಶಾಲೆಯ ಕಪಾಟಿನಲ್ಲೂ ಅವರ ಪುಸ್ತಕಗಳಿರಬೇಕು.

ಕೊನೆಯದು ಶಿಕ್ಷೆಯ ಮಾತು. ಸೈಬೀರಿಯಾದಲ್ಲಿ ಎಂಟು ವರ್ಷ. ಕದ್ದ ಹಣವನ್ನು ಎಣಿಸದೆ ಕಲ್ಲಿನ ಕೆಳಗೆ ಹುಗಿದಿಟ್ಟದ್ದು, ತಾನಾಗಿ ಬಂದು ಒಪ್ಪಿಕೊಂಡದ್ದು, ಹಿಂದೆ ಕ್ಷಯರೋಗಿ ಸಹಪಾಠಿಯನ್ನು ಸಾಕಿದ್ದು, ಬೆಂಕಿ ಬಿದ್ದ ಮನೆಯಿಂದ ಇಬ್ಬರು ಮಕ್ಕಳನ್ನು ಹೊರತಂದದ್ದು, ಎಲ್ಲವೂ ನ್ಯಾಯಾಲಯದಲ್ಲಿ ಅವನ ನೆರವಿಗೆ ಬರುತ್ತವೆ. ಕ್ಲಾಸನ್ನೇ ನ್ಯಾಯಾಲಯ ಮಾಡಿ, ಒಬ್ಬನನ್ನು ನ್ಯಾಯಾಧೀಶನಾಗಿ ಕೂರಿಸಿ, ಎಂಟು ವರ್ಷ ಕಡಿಮೆಯೋ ಹೆಚ್ಚೋ ಎಂದು ಮಕ್ಕಳು ಎರಡು ಗುಂಪಾಗುತ್ತಾರೆ. ಆಗ ಕೇಳುತ್ತೇನೆ: ಲಿಜವೇಟಾಳ ಪರವಾಗಿ ಯಾರು ಮಾತಾಡುತ್ತೀರಿ? ಈ ಸಲ ಎದ್ದುನಿಂತ ಹುಡುಗಿ ನ್ಯಾಯಾಧೀಶರ ಜಾಗದಲ್ಲಿ ಕೂತವನನ್ನೇ ನೋಡಿ ಹೇಳಿದಳು: “ಇಂವನ ಅಂಗಿ ನಾನ ಹೊಲದು ಕೊಟ್ಟೇನ್ರಿ. ಅಂವಾ ಮಾಡಿದ ಪುಣ್ಯಾ ಎಲ್ಲಾ ಬರಕೊಂಡೀರಿ. ನಂದೂ ಒಂದ ಬರಕೋರಿ.” ಮುಗಿದಿದ್ದ ಚರ್ಚೆ ಮತ್ತೆ ಮೊದಲಿನಿಂದ ಶುರುವಾಯಿತು.