ಒಂದು ಹೊತ್ತಿನ ಸೂಟು: ಭೋಗವೋ, ಉಪಭೋಗವೋ?

ಚಾತುರ್ಮಾಸ ಮುಗಿದು ಮದುವೆಯ ಹಂಗಾಮು ಆರಂಭವಾಯಿತೆಂದರೆ ನಿಪ್ಪಾಣಿ, ಚಿಕ್ಕೋಡಿ, ಅಥಣಿ ಪಟ್ಟಣಗಳ ಸೂಟು ಹೊಲಿಯುವ ಅಂಗಡಿಗಳಲ್ಲಿ ಅಳತೆಯ ಟೇಪಿಗೆ ಬಿಡುವಿರುವುದಿಲ್ಲ. ರಾಯಬಾಗ, ಕಾಗವಾಡ ಕಡೆಯ ಹಳ್ಳಿಗಳಿಂದ ಬರುವ ವರನು ಒಬ್ಬನೇ ಬರುವುದಿಲ್ಲ; ಆರೆಂಟು ಮಂದಿ ಗೆಳೆಯರನ್ನು ಕರೆದುಕೊಂಡು ಬರುತ್ತಾನೆ. ವರನಿಗೊಂದು ಬಣ್ಣ, ಗೆಳೆಯರೆಲ್ಲರಿಗೂ ಮತ್ತೊಂದು ಬಣ್ಣ. ಎಲ್ಲವೂ ಅಳತೆ ಕೊಟ್ಟು ಹೊಲಿಸಿದವು. ವಿವಾಹವಿಧಿಯ ಹೊತ್ತಿಗೆ ವರನು ಬಹುತೇಕ ಧೋತರ, ಉಪರಣೆಗಳಲ್ಲಿಯೇ ಇರುತ್ತಾನೆ. ಸೂಟಿನ ಪಾಳಿ ಬರುವುದು ಆರತಕ್ಷತೆಗೆ. ಅಲ್ಲಿ ಒಂದೆರಡು ತಾಸು ವೇದಿಕೆಯ ಮೇಲೆ ನಿಂತು ಛಾಯಾಚಿತ್ರ ತೆಗೆಸಿಕೊಂಡ ಬಳಿಕ ಅದು ಕಪಾಟನ್ನು ಸೇರುತ್ತದೆ. ಜೈನ ಸಮಾಜದ ಮದುವೆಗಳಲ್ಲಿಯೂ ಈ ರೂಢಿ ಬೇರೂರುತ್ತಿರುವುದರಿಂದ ಶ್ರಾವಕಾಚಾರದ ದೃಷ್ಟಿಯಿಂದ ಅದನ್ನು ಪರಿಶೀಲಿಸುವುದು ಅವಶ್ಯವಾಗಿದೆ.

ಹಿರಿಯರ ಬಾಯಿಂದ ಮೊದಲು ಬರುವ ಆಕ್ಷೇಪ, ಇದು ಪರದೇಶದ ಉಡುಪು ಎಂಬುದು. ಈ ಆಕ್ಷೇಪದಲ್ಲಿ ಹುರುಳಿಲ್ಲ. ಕೋಟು ಈ ಸೀಮೆಗೆ ಬಂದು ನೂರು ವರ್ಷಗಳ ಮೇಲಾಯಿತು. ಧೋತರದ ಮೇಲೆ ಮುಚ್ಚುಗತ್ತಿನ ಕೋಟು, ತಲೆಗೆ ಜರಿಯ ರುಮಾಲು ಧರಿಸಿದ ಅಜ್ಜಂದಿರ ಛಾಯಾಚಿತ್ರಗಳು ಇಂದಿಗೂ ಅನೇಕ ಮನೆಗಳ ಪಡಸಾಲೆಯಲ್ಲಿವೆ. ಎರಡನೆಯ ಆಕ್ಷೇಪ ಹೆಚ್ಚು ಭಾವುಕವಾದುದು. ಚಾರಿತ್ರ ಚಕ್ರವರ್ತಿ ಆಚಾರ್ಯ ಶಾಂತಿಸಾಗರ ಮಹಾರಾಜರು (1872–1955) ಭೋಜದ ಮನೆತನದವರು. ಗೃಹಸ್ಥರಾಗಿದ್ದಾಗ ಬಟ್ಟೆಯ ಅಂಗಡಿಯಲ್ಲಿ ಕುಳಿತು ವ್ಯಾಪಾರ ಮಾಡಿದವರು. 1920ರಲ್ಲಿ ಯರನಾಳದಲ್ಲಿ ಮುನಿದೀಕ್ಷೆ ಪಡೆದು ವಸ್ತ್ರವನ್ನೇ ತ್ಯಜಿಸಿದವರು. ಅಂಥವರ ನೆಲದಲ್ಲಿ ಸೂಟಿನ ಈ ಹುಚ್ಚೇ ಎಂದು ಕೇಳುವವರಿದ್ದಾರೆ. ಕೇಳುವವರ ಭಕ್ತಿ ದೊಡ್ಡದು, ಆದರೆ ತರ್ಕ ಸರಿಯಲ್ಲ. ಮುನಿಗಳ ಮಹಾವ್ರತವನ್ನು ಗೃಹಸ್ಥನಿಗೆ ಅಳತೆಗೋಲು ಮಾಡಲಾಗದು. ಗೃಹಸ್ಥನಿಗೆ ಅವನದೇ ಆದ ಅಣುವ್ರತಗಳಿವೆ, ಗುಣವ್ರತಗಳಿವೆ. ಸೂಟು ಅವುಗಳ ಮುಂದೆ ನಿಲ್ಲುತ್ತದೆಯೇ ಎಂಬುದನ್ನು ನೋಡಿದರೆ ಸಾಕು.

ಸಮಂತಭದ್ರಾಚಾರ್ಯರು ರತ್ನಕರಂಡ ಶ್ರಾವಕಾಚಾರದಲ್ಲಿ ಭೋಗ, ಉಪಭೋಗಗಳೆಂಬ ಎರಡು ವಿಭಾಗಗಳನ್ನು ಮಾಡಿದ್ದಾರೆ. ಒಮ್ಮೆ ಅನುಭವಿಸಿ ಬಿಟ್ಟುಬಿಡುವಂಥದು ಭೋಗ. ಮತ್ತೆ ಮತ್ತೆ ಅನುಭವಿಸಬಹುದಾದುದು ಉಪಭೋಗ. ಮೊದಲನೆಯದಕ್ಕೆ ಉದಾಹರಣೆ ಆಹಾರ, ಎರಡನೆಯದಕ್ಕೆ ವಸ್ತ್ರ. ಎರಡಕ್ಕೂ ಮಿತಿ ಹಾಕಿಕೊಳ್ಳುವುದೇ ಭೋಗೋಪಭೋಗ ಪರಿಮಾಣ ವ್ರತ. ವಸ್ತ್ರವು ಉಪಭೋಗ ಎಂಬುದರಲ್ಲಿ ಆಚಾರ್ಯರಿಗೆ ಸಂದೇಹವಿರಲಿಲ್ಲ. ಹೊಲಿಸಿದ ಬಟ್ಟೆಯನ್ನು ಒಂದೇ ಸಂಜೆ ಉಟ್ಟು ಬಿಡುವ ಕಾಲ ಅವರ ಎದುರಿಗಿರಲಿಲ್ಲ. ಇಂದಿನ ಮದುವೆಯ ಸೂಟು ಹೆಸರಿಗೆ ಉಪಭೋಗ, ನಡತೆಯಲ್ಲಿ ಭೋಗ. ಅನ್ನದಂತೆ ಒಂದು ಹೊತ್ತಿಗೆ ತೀರುತ್ತದೆ, ಆದರೆ ಅನ್ನದಂತೆ ಯಾರ ಹೊಟ್ಟೆಯನ್ನೂ ತುಂಬಿಸುವುದಿಲ್ಲ. ಕೀರ್ದಿ ಬರೆಯುವವರಿಗೆ ಇದು ಬೇಗ ತಿಳಿದೀತು. ಹನ್ನೆರಡು ಸಾವಿರ ರೂಪಾಯಿಯ ಸೂಟನ್ನು ಇಪ್ಪತ್ತು ಸಲ ತೊಟ್ಟರೆ ಒಂದು ಸಲಕ್ಕೆ ಬೀಳುವುದು ಆರುನೂರು. ಒಂದೇ ಸಲ ತೊಟ್ಟರೆ ಪೂರ್ತಿ ಹನ್ನೆರಡು ಸಾವಿರವೂ ಆ ಸಂಜೆಯ ಖರ್ಚು. ಆಸ್ತಿಯ ಖಾತೆಗೆ ಹೋಗಬೇಕಾದ ವಸ್ತು ಖರ್ಚಿನ ಖಾತೆಯಲ್ಲಿ ಮುಗಿದುಹೋಗುತ್ತದೆ.

ಇನ್ನು ಹಿಂಸೆಯ ಪ್ರಶ್ನೆ. ಇಲ್ಲಿ ಆವೇಶಕ್ಕಿಂತ ಬಟ್ಟೆಯ ತಿಳಿವಳಿಕೆ ಮುಖ್ಯ. ಈ ಪಟ್ಟಣಗಳಲ್ಲಿ ಸಾಮಾನ್ಯವಾಗಿ ಹೊಲಿಯುವ ಸೂಟಿನ ಬಟ್ಟೆ ಪಾಲಿಯೆಸ್ಟರ್ ಮತ್ತು ವಿಸ್ಕೋಸ್ ಮಿಶ್ರಣ. ಅಸ್ತರೂ ಪಾಲಿಯೆಸ್ಟರ್, ಗುಂಡಿಯೂ ಅದೇ. ಅದರಲ್ಲಿ ಪ್ರಾಣಿಯ ಅಂಶ ಕಡಿಮೆ. ಬೆಲೆ ಏರಿದಂತೆ ಸಂಗತಿ ಬದಲಾಗುತ್ತದೆ. ನಯವಾದ ಉಣ್ಣೆಯ ಬಟ್ಟೆಗೆ ಬೇಕಾದ ಮೆರಿನೋ ಉಣ್ಣೆ ಹೆಚ್ಚಾಗಿ ಆಸ್ಟ್ರೇಲಿಯಾದಿಂದ ಬರುತ್ತದೆ. ಉಣ್ಣೆ ಕತ್ತರಿಸುವುದರಲ್ಲಿ ಪ್ರಾಣಹಾನಿಯಿಲ್ಲವೆಂಬುದು ನಿಜ. ಆದರೆ ಹುಳು ಬೀಳದಿರಲೆಂದು ಕುರಿಮರಿಯ ಹಿಂಭಾಗದ ಚರ್ಮದ ಮಡಿಕೆಗಳನ್ನೇ ಕತ್ತರಿಸಿ ತೆಗೆಯುವ ಪದ್ಧತಿ ಆ ದೇಶದಲ್ಲಿದೆ. ನೆರೆಯ ನ್ಯೂಜಿಲೆಂಡ್ ಅದನ್ನು 2018ರಲ್ಲಿ ನಿಷೇಧಿಸಿತು. ಉತ್ತಮ ಕೋಟಿನ ಎದೆಯೊಳಗಿನ ಕ್ಯಾನ್ವಾಸಿನಲ್ಲಿ ಕುದುರೆಯ ಕೂದಲನ್ನು ನೇಯ್ದಿರುತ್ತಾರೆ, ಗುಂಡಿ ಕೋಣದ ಕೊಂಬಿನದಾಗಿರಬಹುದು. ಸೂಟಿನ ಜೊತೆಗೆ ತೊಡುವ ಚರ್ಮದ ಬೂಟಿನ ಮಾತನ್ನಂತೂ ಯಾರೂ ಎತ್ತುವುದಿಲ್ಲ.

ಶೇರವಾನಿಗೆ ರೇಷ್ಮೆ ಬಳಸಿದರೆ ಲೆಕ್ಕ ಇನ್ನೂ ಕಠಿಣವಾಗುತ್ತದೆ. ಒಂದು ಕಿಲೋ ಕಚ್ಚಾ ರೇಷ್ಮೆಗೆ ಆರೇಳು ಕಿಲೋ ಗೂಡು ಬೇಕು. ನೂಲು ಕಡಿಯದಂತೆ ಬಿಚ್ಚಲು ಒಳಗಿನ ಜೀವವನ್ನು ಹಬೆಯಲ್ಲಿ ಅಥವಾ ಬಿಸಿಗಾಳಿಯಲ್ಲಿ ಕೊಲ್ಲುತ್ತಾರೆ. ಇದನ್ನು ವರನ ಉಡುಪಿಗೆ ಮಾತ್ರ ಹೇಳಿ ವಧುವಿನ ಸೀರೆಯ ಬಗ್ಗೆ ಮೌನ ತಾಳುವುದು ನ್ಯಾಯವಲ್ಲ. ಧಾರೆಯ ಸೀರೆಯಲ್ಲಿ ಹೋಗುವ ಜೀವಗಳು ವರನ ಪಾಲಿಯೆಸ್ಟರ್ ಅಸ್ತರಿನಲ್ಲಿ ಹೋಗುವುದಿಲ್ಲ.

ಹಾಗೆಂದು ಪಾಲಿಯೆಸ್ಟರ್ ಸೂಟಿಗೆ ನಿರ್ದೋಷವೆಂಬ ಪ್ರಮಾಣಪತ್ರ ಕೊಡುವಂತಿಲ್ಲ. ಅಗ್ಗದ ಕೋಟಿನ ಎದೆಗೆ ಕ್ಯಾನ್ವಾಸ್ ಹೊಲಿಯುವ ಬದಲು ಅಂಟಿನ ಬಟ್ಟೆಯನ್ನು ಇಸ್ತ್ರಿಯ ಶಾಖದಿಂದ ಅಂಟಿಸುತ್ತಾರೆ. ಕೆಲವು ಸಲ ಡ್ರೈಕ್ಲೀನಿಂಗ್ ಆಗುವುದರೊಳಗೆ ಅಂಟು ಬಿಟ್ಟು ಎದೆಯ ಮೇಲೆ ಗುಳ್ಳೆಗಳು ಏಳುತ್ತವೆ. ಪ್ರಾಣಿಜನ್ಯ ವಸ್ತುವಿಲ್ಲದ ಕೋಟು ಬಾಳುವುದಿಲ್ಲ, ಬಾಳುವ ಕೋಟಿನಲ್ಲಿ ಪ್ರಾಣಿಜನ್ಯ ವಸ್ತುವಿದೆ ಎಂಬ ಇಕ್ಕಟ್ಟು ನಿಜವಾಗಿಯೂ ಇದೆ. ಹತ್ತಿಯ ಕ್ಯಾನ್ವಾಸ್ ಹಾಕಿ ಕೈಹೊಲಿಗೆಯಿಂದ ಕೂರಿಸುವುದು ಅದಕ್ಕೆ ಒಂದು ದಾರಿ. ಕೂಲಿ ಹೆಚ್ಚಾಗುತ್ತದೆ, ದಿನಗಳೂ ಹೆಚ್ಚು ಬೇಕಾಗುತ್ತವೆ.

ಇಷ್ಟೆಲ್ಲ ಹೇಳಿದ ಮೇಲೂ ದರ್ಜಿಯನ್ನು ದೂರಲು ಕಾರಣವಿಲ್ಲ. ವಾಸ್ತವವಾಗಿ ಅಳತೆ ಕೊಟ್ಟು ಹೊಲಿಸಿದ ಉಡುಪು ಸಿದ್ಧ ಉಡುಪಿಗಿಂತ ಅಪರಿಗ್ರಹಕ್ಕೆ ಹತ್ತಿರವಾದುದು. ಬಲ್ಲ ದರ್ಜಿಯು ಬೆನ್ನಿನ ನಡುಹೊಲಿಗೆಯಲ್ಲಿ, ಪಕ್ಕಗಳಲ್ಲಿ, ಪ್ಯಾಂಟಿನ ಸೊಂಟದಲ್ಲಿ ಒಳಗೆ ಬಟ್ಟೆ ಬಿಟ್ಟಿರುತ್ತಾನೆ. ಮೈ ತುಂಬಿದಂತೆ ಅದನ್ನು ಬಿಚ್ಚಿ ಹಿಗ್ಗಿಸಬಹುದು. ಹತ್ತಾರು ವರ್ಷ ಬಾಳಲೆಂದೇ ಹುಟ್ಟಿದ ಕಲೆ ಅದು. ಆ ಕಲೆಯನ್ನು ವ್ಯರ್ಥಗೊಳಿಸುವವನು ಗಿರಾಕಿ. ವೇದಿಕೆಯ ದೀಪದಲ್ಲಿ ಮಿಂಚಬೇಕೆಂದು ದ್ರಾಕ್ಷಿಯ ಬಣ್ಣ, ನವಿಲಿನ ಬಣ್ಣ, ಕೊರಳಪಟ್ಟಿಗೆ ಹೊಳೆಯುವ ಸ್ಯಾಟಿನ್ ಕೇಳಿದರೆ ಮರುದಿನ ಅದನ್ನು ತೊಟ್ಟುಕೊಂಡು ಬ್ಯಾಂಕಿಗೆ ಹೋಗಲಾದೀತೇ, ಸೊಸಾಯಿಟಿಯ ಸಭೆಯಲ್ಲಿ ಕುಳಿತುಕೊಳ್ಳಲಾದೀತೇ? ಬಾಡಿಗೆಗೆ ತಂದ ಶೇರವಾನಿಯನ್ನು ಹಲವರು ಕೀಳಾಗಿ ಕಾಣುತ್ತಾರೆ. ವ್ರತದ ದೃಷ್ಟಿಯಿಂದ ಐವತ್ತು ವರರು ತೊಟ್ಟ ಒಂದು ಶೇರವಾನಿಯೇ ಉಪಭೋಗವೆಂಬ ಹೆಸರಿಗೆ ಹೆಚ್ಚು ಯೋಗ್ಯ.

ಎಲ್ಲಕ್ಕಿಂತ ಗಂಭೀರವಾದುದು ಗೆಳೆಯರ ಸೂಟು. ಎಂಟು ಮಂದಿಯಲ್ಲಿ ಒಬ್ಬಿಬ್ಬರ ಮನೆಯಲ್ಲಿ ಕಬ್ಬಿನ ಬಿಲ್ಲು ಬಂದಿರುವುದಿಲ್ಲ, ಇನ್ನೊಬ್ಬನು ಅಂಗಡಿಯಲ್ಲಿ ಸಂಬಳಕ್ಕಿರುತ್ತಾನೆ. ಬೇಡವೆಂದರೆ ಗೆಳೆತನಕ್ಕೆ ಕುಂದು, ಹೂಂ ಎಂದರೆ ಸಾಲ. ಅವನು ಸಾಲ ಮಾಡಿದ್ದು ಯಾರಿಗೂ ತಿಳಿಯುವುದಿಲ್ಲ. ಛಾಯಾಚಿತ್ರದಲ್ಲಿ ಎಲ್ಲರೂ ಸಮಾನರಾಗಿಯೇ ಕಾಣುತ್ತಾರೆ. ಸಮ್ಯಗ್ದರ್ಶನದ ಎಂಟು ಅಂಗಗಳಲ್ಲಿ ವಾತ್ಸಲ್ಯವೂ ಒಂದು. ಸಾಧರ್ಮಿಯನ್ನು ಹೀಗೆ ಸಂಕಟಕ್ಕೆ ನೂಕುವ ಸಮವಸ್ತ್ರ ವಾತ್ಸಲ್ಯದ ಗುರುತಾಗುವುದು ಹೇಗೆ? ಎಂಟು ಮದಗಳಲ್ಲಿ ಋದ್ಧಿಮದ, ಶರೀರಮದಗಳನ್ನು ಆಚಾರ್ಯರು ಹೇಳಿದ್ದಾರೆ. ಎರಡೂ ಒಂದೇ ಕೋಟಿನೊಳಗೆ ಹಿಡಿಸುತ್ತವೆ.

ಕೆಲವು ಕಡೆ ಈ ಬಿಲ್ಲು ಗೆಳೆಯರ ಮೇಲೆ ಬೀಳದೆ ಕನ್ಯಾಪಿತೃವಿನ ಮೇಲೆ ಬೀಳುತ್ತದೆ. ವರನ ಸೂಟಿನ ಬಟ್ಟೆಯನ್ನು ಹೆಣ್ಣಿನವರು ಕೊಡುವುದು ಹಳೆಯ ರೂಢಿಯೇ. ಆದರೆ ಮಾನಪಾನದ ಯಾದಿಯಲ್ಲಿ ‘ಗೆಳೆಯರದೂ ಸೇರಿ’ ಎಂಬ ಮಾತು ನುಸುಳಿದಾಗ ಅದು ಪ್ರೀತಿಯ ಆಯೇರಿಯಾಗಿ ಉಳಿಯುವುದಿಲ್ಲ. ಮದುವೆಯ ಸಂಬಂಧವಾಗಿ ಬೇಡಿಕೆಯಿಟ್ಟು ಪಡೆಯುವುದನ್ನು 1961ರ ವರದಕ್ಷಿಣೆ ನಿಷೇಧ ಕಾಯಿದೆ ಅಪರಾಧವೆಂದೇ ಎಣಿಸುತ್ತದೆ.

ದಕ್ಷಿಣ ಭಾರತ ಜೈನ ಸಭೆ 1899ರಲ್ಲಿ ಸ್ಥಾಪನೆಯಾದದ್ದು ನಿಪ್ಪಾಣಿಗೆ ಸಮೀಪದ ಸ್ತವನಿಧಿ ಕ್ಷೇತ್ರದಲ್ಲಿ. ಸಮಾಜ ಒಟ್ಟಾಗಿ ಕುಳಿತು ತನ್ನ ರೂಢಿಗಳನ್ನು ವಿಚಾರಿಸುವುದು ಈ ಸೀಮೆಗೆ ಹೊಸದೇನಲ್ಲ. ಬಸದಿಗಳ ಟ್ರಸ್ಟುಗಳು ತಮ್ಮ ಮಂಗಲ ಕಾರ್ಯಾಲಯಗಳಲ್ಲಿ ರಾತ್ರಿ ಭೋಜನ, ಕಂದಮೂಲಗಳ ವಿಷಯದಲ್ಲಿ ನಿಯಮ ಮಾಡಬಲ್ಲವು. ಉಡುಪಿನ ಮೇಲೆ ನಿಷೇಧ ಹೇರುವುದು ಮಾತ್ರ ಉಚಿತವಲ್ಲ; ಬಾಗಿಲಲ್ಲಿ ನಿಂತು ಕೋಟುಗಳನ್ನು ಎಣಿಸುವ ಟ್ರಸ್ಟು ನಗೆಪಾಟಲಿಗೆ ಈಡಾದೀತು. ಮಾತುಕತೆಯ ದಿನ ಯಾದಿ ಬರೆಯುವಾಗ ಟ್ರಸ್ಟಿನ ಹಿರಿಯರು ಅಲ್ಲಿ ಕುಳಿತಿರುವುದು ಸಾಮಾನ್ಯ. ಗೆಳೆಯರ ಸೂಟಿನ ಮಾತು ಬಂದಾಗ ಆ ಸಾಲನ್ನು ಬರೆಯಬೇಡಿರೆಂದು ಅವರು ಹೇಳಬಹುದು. ವರನಿಗೆ ಒಂದು ಕರಿನೀಲಿ ಸೂಟು ಸಾಕು. ಹೊಲಿಗೆಗಳ ಒಳಗೆ ಎರಡು ಬೆರಳು ಬಟ್ಟೆ ಬಿಡಬೇಕೆಂದು ಅಳತೆ ಕೊಡುವಾಗಲೇ ದರ್ಜಿಗೆ ತಿಳಿಸಬೇಕು, ಕತ್ತರಿಸಿದ ಮೇಲೆ ಹೇಳಿ ಪ್ರಯೋಜನವಿಲ್ಲ.