ಹಲ್ಲಿಗೂ ಹಾಸಿಗೆ ಬೇಕಂತೆ

"ಪೇಷಂಟು ಎಷ್ಟು ಗಂಟೆ ಅಡ್ಮಿಟ್ ಆಗಿದ್ರು ಸರ್?"

ಇನ್ಶೂರೆನ್ಸ್ ಕಂಪನಿಯ ಹುಡುಗಿ ಫೋನಲ್ಲಿ ಹೀಗೆ ಕೇಳಿದಾಗ ನನಗೆ ನಗು ಬಂತು. ಪೇಷಂಟು ಅಂದ್ರೆ ನಮ್ಮಪ್ಪ. ಕೆಟ್ಟಿದ್ದು ದವಡೆ ಹಲ್ಲು. ಬಿದರೆಹಳ್ಳಿ ಕಾವಲ್‌ನಲ್ಲಿ ಈಗ ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆ ಇದೆ, ಆದರೆ ಹಲ್ಲು ತೋರಿಸೋಕೆ ಅಪ್ಪ ತುಮಕೂರಿನ ಬಸ್ಸೇ ಹಿಡೀಬೇಕು. ಬಂದರು, ಕ್ಲಿನಿಕ್ಕಿನ ಕುರ್ಚಿ ಮೇಲೆ ಒಂದು ಗಂಟೆ ಬಾಯಿ ತೆರೆದು ಕೂತರು, ಸಂಜೆ ಹಾಲು ಕರೆಯೋ ಹೊತ್ತಿಗೆ ವಾಪಸ್ ಮನೆ ಸೇರಿದರು. ಹಲ್ಲು ನೋವಿಗೆ ಅಡ್ಮಿಟ್ ಆಗೋರು ಯಾರು?

ಎರಡು ರೂಟ್ ಕೆನಾಲ್, ಅವುಗಳ ಮೇಲೆ ಕ್ಯಾಪ್, ಪಕ್ಕದಲ್ಲಿ ಬಿದ್ದುಹೋಗಿದ್ದ ಹಲ್ಲಿನ ಜಾಗಕ್ಕೆ ಇಂಪ್ಲಾಂಟ್. ಎಲ್ಲ ಸೇರಿ ಡಾಕ್ಟರು ಬರೆದುಕೊಟ್ಟ ಅಂದಾಜು 62 ಸಾವಿರ. ಅಪ್ಪ ಅಮ್ಮನಿಗೆ ಅಂತ ಪ್ರತಿವರ್ಷ ನನ್ನ ಸಂಬಳದಿಂದ ಪ್ರೀಮಿಯಂ ಕಟ್ ಆಗುತ್ತೆ, ಐದು ಲಕ್ಷದ ಕವರ್. ಹಲ್ಲಿಗೆ ಎಷ್ಟು ಸಿಗುತ್ತೆ ಅಂದರೆ ಸೊನ್ನೆ. ಆ ಸಿಟ್ಟಲ್ಲಿ ಪಾಲಿಸಿ ಡಾಕ್ಯುಮೆಂಟನ್ನು ಮೊದಲ ಸಲ ಪೂರ್ತಿ ಓದಿದೆ. ದುಡ್ಡು ಕೊಟ್ಟು ಕೊಂಡ ಪುಸ್ತಕದ ಬಗ್ಗೆ ವಿಮರ್ಶೆ ಬರೆಯಬಹುದಾದರೆ ಇದರ ಬಗ್ಗೆಯೂ ಬರೆಯಬಹುದು.

ಮೊದಲು ಒಳ್ಳೆಯ ಮಾತು. ಈ ಬರಹ ತನ್ನ ಪದಗಳಿಗೆ ಅರ್ಥ ಹೇಳಿಯೇ ಮುಂದೆ ಹೋಗುತ್ತೆ. ಆರೋಗ್ಯ ವಿಮೆಯ ಮುಖ್ಯ ಪದಗಳಿಗೆ ಒಂದೇ ವ್ಯಾಖ್ಯಾನ ಇರಬೇಕು ಅಂತ ವಿಮಾ ನಿಯಂತ್ರಕ ಐಆರ್‌ಡಿಎಐ ಗೊತ್ತು ಮಾಡಿರುವುದರಿಂದ ಎಲ್ಲ ಕಂಪನಿಯ ಪಾಲಿಸಿಯಲ್ಲೂ ಅವೇ ವಾಕ್ಯಗಳು ಸಿಗುತ್ತವೆ. 'ದಂತ ಚಿಕಿತ್ಸೆ' ಅನ್ನೋದಕ್ಕೂ ವ್ಯಾಖ್ಯಾನ ಇದೆ. ತಪಾಸಣೆ, ಫಿಲ್ಲಿಂಗ್, ಕ್ಯಾಪ್, ಹಲ್ಲು ಕೀಳೋದು, ಸರ್ಜರಿ ಎಲ್ಲ ಅದರಲ್ಲಿ ಬರುತ್ತೆ. ಇದನ್ನ ಓದಿದ ಯಾರಿಗಾದರೂ ಹಲ್ಲು ಪಾಲಿಸಿಯೊಳಗಿದೆ ಅನ್ನಿಸುತ್ತೆ. ನನಗೂ ಅನ್ನಿಸ್ತು.

ನಾನು ಗುಬ್ಬಿ ವೀರಣ್ಣನವರ ತಾಲ್ಲೂಕಿನವನು. ನಾಟಕದ ಪಾತ್ರಗಳ ಪಟ್ಟಿಯಲ್ಲಿ ಹೆಸರಿದ್ದ ಮೇಲೆ ಆ ಪಾತ್ರ ಒಂದಲ್ಲ ಒಂದು ದೃಶ್ಯದಲ್ಲಿ ರಂಗಕ್ಕೆ ಬರಲೇಬೇಕು ಅಂತ ನಂಬಿದವನು. ಇಲ್ಲಿ ಹಾಗಿಲ್ಲ. ಪದಕ್ಕೆ ಅರ್ಥ ಬರೆದ ಮಾತ್ರಕ್ಕೆ ಅದಕ್ಕೆ ದುಡ್ಡು ಕೊಡ್ತೀವಿ ಅಂತಲ್ಲ. ನಮ್ಮ ಕೋಡಿನಲ್ಲೂ ಇಂಥ ಫಂಕ್ಷನ್‌ಗಳಿರ್ತವೆ. ಚೆನ್ನಾಗಿ ಬರೆದಿರ್ತಾರೆ, ಯಾರೂ ಕಾಲ್ ಮಾಡಿರಲ್ಲ.

ಯಾಕೆ ಹೀಗಾಗುತ್ತೆ ಅಂತ ಹುಡುಕಿದರೆ ಬೇರೆ ಪುಟದ ಮೂರು ವ್ಯಾಖ್ಯಾನಗಳು ಸಿಗುತ್ತವೆ. ಒಂದು, ಆಸ್ಪತ್ರೆಗೆ ದಾಖಲಾಗುವುದು ಅಂದರೆ ಸತತ 24 ಗಂಟೆಯಾದರೂ ಅಲ್ಲಿರಬೇಕು. ಎರಡು, ಆಸ್ಪತ್ರೆ ಅನ್ನಿಸಿಕೊಳ್ಳೋಕೆ ಹತ್ತು ಲಕ್ಷಕ್ಕಿಂತ ಕಡಿಮೆ ಜನಸಂಖ್ಯೆಯ ಊರಲ್ಲಿ ಕನಿಷ್ಠ 10 ಹಾಸಿಗೆ, ಬೇರೆ ಕಡೆ 15 ಹಾಸಿಗೆ ಇರಬೇಕು. ಮೂರು, ಡೇ ಕೇರ್. ಅಂದರೆ ಒಂದು ಕಾಲಕ್ಕೆ 24 ಗಂಟೆಗಿಂತ ಹೆಚ್ಚು ಮಲಗಿಸಬೇಕಿದ್ದು, ತಂತ್ರಜ್ಞಾನ ಮುಂದುವರಿದಿದ್ದರಿಂದ ಈಗ ಅಷ್ಟು ಹೊತ್ತು ಬೇಡವಾಗಿರುವ ಚಿಕಿತ್ಸೆ. ಮಾಮೂಲಾಗಿ ಓಪಿಡಿಯಲ್ಲೇ ಮಾಡುವಂಥದ್ದು ಇದರಲ್ಲಿ ಸೇರುವುದಿಲ್ಲ.

ಈಗ ಅಪ್ಪನ ಹಲ್ಲನ್ನು ಈ ಮೂರರ ಮುಂದೆ ಇಡಿ. ಕ್ಲಿನಿಕ್ಕಲ್ಲಿ ಇರೋದು ಎರಡು ಕುರ್ಚಿ, ಹಾಸಿಗೆ ಇಲ್ಲ. ರೂಟ್ ಕೆನಾಲಿಗೆ ಯಾವ ಕಾಲದಲ್ಲೂ ರಾತ್ರಿಯೆಲ್ಲ ಮಲಗಿಸುತ್ತಿರಲಿಲ್ಲ, ಹಾಗಾಗಿ ಅದು ಡೇ ಕೇರ್ ಕೂಡ ಅಲ್ಲ. ಕಣ್ಣಿನ ಪೊರೆ ಆಪರೇಷನ್ ನುಸುಳಿಕೊಂಡು ಹೋಗುವ ಕಿಂಡಿಯಲ್ಲಿ ಹಲ್ಲು ತೂರುವುದಿಲ್ಲ. ಒಂದೊಂದೇ ವಾಕ್ಯ ಓದಿದರೆ ಯಾವುದೂ ತಪ್ಪಿಲ್ಲ. ಒಟ್ಟಿಗೆ ಓದಿದರೆ ಬಾಗಿಲು ಮುಚ್ಚಿರುತ್ತೆ.

ಇದಕ್ಕಿಂತ ಚೆಂದದ ಉದಾಹರಣೆ ಆರೋಗ್ಯ ಸಂಜೀವಿನಿ. 2020ರ ಏಪ್ರಿಲ್ 1ರಿಂದ ಬಂದ, ಎಲ್ಲ ಕಂಪನಿಗಳಲ್ಲೂ ನಿಯಮಗಳು ಒಂದೇ ಥರ ಇರುವ ಪಾಲಿಸಿ. ಕಾಯಿಲೆಯಿಂದ ಅಥವಾ ಗಾಯದಿಂದ ಅಗತ್ಯವಾದ ದಂತ ಚಿಕಿತ್ಸೆಗೆ ಕವರ್ ಇದೆ ಅಂತ ಅದರಲ್ಲಿ ಬರೆದಿದೆ. ಹುಳುಕು ಹಲ್ಲು ಕಾಯಿಲೆ ಅಲ್ವಾ? ಹೌದು. ಆದರೆ ಆ ಸಾಲು ಕೂತಿರೋದು ಆಸ್ಪತ್ರೆಗೆ ದಾಖಲಾದ ಖರ್ಚು ಅನ್ನುವ ತಲೆಬರಹದ ಕೆಳಗೆ. ಪಾಲಿಸಿ ಓದುವಾಗ ಸಾಲಿಗಿಂತ ತಲೆಬರಹ ದೊಡ್ಡದು. ಬೈಕಿಂದ ಬಿದ್ದು ದವಡೆ ಮುರಿದು ಅಡ್ಮಿಟ್ ಆದರೆ ದುಡ್ಡು ಬರಬಹುದು. ಮೂವತ್ತು ವರ್ಷ ಎಲೆ ಅಡಿಕೆ ಜಗಿದು ಸವೆದ ಹಲ್ಲಿಗೆ ಬರಲ್ಲ.

ಕಂಪನಿಗಳ ವಾದವೂ ಸುಳ್ಳಲ್ಲ. ವಿಮೆ ಅನ್ನೋದು ಕೆಲವರಿಗೆ ಮಾತ್ರ ಬರುವ ದೊಡ್ಡ ಕಷ್ಟಕ್ಕೆ. ಹಲ್ಲು ಎಲ್ಲರಿಗೂ ಕೆಡುತ್ತೆ. ಕ್ಯಾಪ್ ಹಾಕಿಸಬೇಕು ಅಂತ ಗೊತ್ತಾದ ಮೇಲೆ ಪಾಲಿಸಿ ಕೊಳ್ಳೋರೇ ಜಾಸ್ತಿಯಾದರೆ ಪ್ರೀಮಿಯಂ ಏರುತ್ತೆ. ಸರಿ, ಹಾಗಿದ್ದರೆ ಮೊದಲ ಪುಟದಲ್ಲೇ ಹಲ್ಲಿಗೆ ದುಡ್ಡು ಕೊಡಲ್ಲ ಅಂತ ಒಂದು ಸಾಲು ಬರೆಯಬಹುದಿತ್ತು.

ಹಾಗೆ ನೇರವಾಗಿ ಬರೆದದ್ದನ್ನು ನಾನು ಆನ್‌ಸೈಟ್ ಅಂತ ಅಮೆರಿಕಕ್ಕೆ ಹೋಗಿದ್ದಾಗ ನೋಡಿದ್ದೀನಿ. ಅಲ್ಲಿ ಹಲ್ಲಿಗೆ ಬೇರೆಯೇ ವಿಮೆ. ಸಾಮಾನ್ಯವಾಗಿ ಕ್ಲೀನಿಂಗಿಗೆ 100, ಫಿಲ್ಲಿಂಗಿಗೆ 80, ಕ್ಯಾಪ್, ಬ್ರಿಡ್ಜಿನಂಥ ದೊಡ್ಡ ಕೆಲಸಕ್ಕೆ 50 ಪರ್ಸೆಂಟ್ ಕೊಡ್ತಾರೆ. ಇಂಪ್ಲಾಂಟ್ ಕೆಲವು ಪ್ಲಾನಿನಲ್ಲಿ ಮಾತ್ರ. ಅರ್ಧ ಕೊಡ್ತಾರೆ ಅಂತ ಖುಷಿಪಡೋ ಮುಂಚೆ ವಾರ್ಷಿಕ ಮಿತಿ ನೋಡಬೇಕು. ಮಿತಿ 1,500 ಡಾಲರ್ ಅಂತಿಟ್ಟುಕೊಳ್ಳಿ. ಬಿಲ್ಲು 4,000. ಮೊದಲ 50 ಡಾಲರ್ ನಮ್ಮದು. ಉಳಿದ 3,950ರಲ್ಲಿ ಅರ್ಧ 1,975. ಮಿತಿ ಅಡ್ಡ ಬಂದು ಕಂಪನಿ ಕೊಡೋದು 1,500, ನಮ್ಮ ಜೇಬಿಂದ 2,500. ಪಾಲಿಸಿ ಕೊಳ್ಳುವ ಮುಂಚೆಯೇ ಬಿದ್ದಿದ್ದ ಹಲ್ಲಿಗೆ ಏನೂ ಇಲ್ಲ ಅನ್ನುವ ಷರತ್ತು ಇನ್ನೂ ಕೆಲವು ಪ್ಲಾನಿನಲ್ಲಿ ಇರುತ್ತೆ. ಜಿಪುಣ ಬರಹ. ಆದರೆ ಒಂದು ಪುಟದ ಟೇಬಲ್ ನೋಡಿದರೆ ಬಡ್ಡಿ ಲೆಕ್ಕದ ಹಾಗೆ ನಾವೇ ಲೆಕ್ಕ ಹಾಕಬಹುದು.

ನಮ್ಮಲ್ಲೂ ಹಾಸಿಗೆ ಕೇಳದ ವ್ಯವಸ್ಥೆ ಇದೆ. ತಿಂಗಳಿಗೆ 21,000ದವರೆಗೆ ಸಂಬಳ ಇರುವ ನೌಕರರ ಇಎಸ್‌ಐನಲ್ಲಿ ಓಪಿಡಿಯೇ ಮೊದಲ ಮೆಟ್ಟಿಲು. ಕಲಬುರಗಿಯಲ್ಲಿ ಇಎಸ್‌ಐನದೇ ಡೆಂಟಲ್ ಕಾಲೇಜಿದೆ. ಸಂಬಳ ಏರಿ ಕಾರ್ಪೊರೇಟ್ ವಿಮೆಗೆ ಬಡ್ತಿ ಪಡೆದ ನಮಗೆ ಹಲ್ಲಿನ ವಿಷಯದಲ್ಲಿ ಹಿಂಬಡ್ತಿ.

ಆದ್ದರಿಂದ ಎಚ್‌ಆರ್ ಮೇಲ್ ಬಂದಾಗ ಐದು ಲಕ್ಷವೋ ಹತ್ತು ಲಕ್ಷವೋ ಅನ್ನೋದರ ಜೊತೆಗೆ ಇನ್ನೂ ನಾಲ್ಕು ಪ್ರಶ್ನೆ ಕೇಳಿ. ಓಪಿಡಿ ಕವರ್ ಇದೆಯಾ? ಅದರಲ್ಲಿ ಹಲ್ಲಿಗೆ ವರ್ಷಕ್ಕೆ ಎಷ್ಟು? ಕ್ಲೀನಿಂಗ್ ಮಾತ್ರವೋ, ರೂಟ್ ಕೆನಾಲ್, ಕ್ಯಾಪ್, ಇಂಪ್ಲಾಂಟ್ ಕೂಡ ಸೇರಿದೆಯೋ? ಅಪ್ಪ ಅಮ್ಮನಿಗೂ ಇದೆಯಾ? ಉತ್ತರ ಮೇಲ್‌ನಲ್ಲೇ ತಗೊಳ್ಳಿ. ನನ್ನ ಕಂಪನಿಯಲ್ಲಿ ಓಪಿಡಿ ಇತ್ತು, ಆದರೆ ನನಗೆ ಮಾತ್ರ. ನನ್ನ ಹಲ್ಲು ಚೆನ್ನಾಗಿವೆ.

ಉತ್ತರ ಇಲ್ಲ ಅಂತ ಬಂದರೆ ಡೆಂಟಲ್ ಕಾಲೇಜುಗಳನ್ನು ಮರೀಬೇಡಿ. ಬೆಂಗಳೂರಲ್ಲಿ ಸರ್ಕಾರಿ ಕಾಲೇಜಿದೆ, ತುಮಕೂರಲ್ಲೂ ಕಾಲೇಜಿದೆ. ವಿದ್ಯಾರ್ಥಿಗಳು ಪ್ರೊಫೆಸರ್ ಕಣ್ಣೆದುರು ಮಾಡ್ತಾರೆ. ಸಮಯ ಹೆಚ್ಚು ಹಿಡಿಯುತ್ತೆ, ಖರ್ಚು ಸಾಮಾನ್ಯವಾಗಿ ಕಡಿಮೆ.

ಅಪ್ಪ ಇಂಪ್ಲಾಂಟ್ ಬೇಡ ಅಂದರು. "ಮುದ್ದೆ ನುಂಗಕ್ಕೆ ಹಲ್ಲು ಯಾಕ್ಲಾ?" ಅಂತ ನಕ್ಕರು. ರೂಟ್ ಕೆನಾಲ್, ಕ್ಯಾಪ್ ಮಾತ್ರ ಮಾಡಿಸಿದೆ, ನನ್ನ ದುಡ್ಡಲ್ಲಿ. ಬಸ್ ಸ್ಟ್ಯಾಂಡಿನಲ್ಲಿ ನಿಂತಾಗ ಈ 24 ಗಂಟೆಯ ಕತೆಯನ್ನ ಅವರಿಗೆ ಬಿಡಿಸಿ ಹೇಳಿದೆ. ಸ್ವಲ್ಪ ಹೊತ್ತು ಯೋಚನೆ ಮಾಡಿ ಕೇಳಿದರು.

"ಹಂಗಾರೆ ಒಂದಿನ ಆಸ್ಪತ್ರೇಲಿ ಮಲಗಿದ್ರೆ ಕೊಡ್ತಿದ್ರೇನ್ಲಾ?"

"ಸುಮ್ನೆ ಮಲಗಿದ್ರೆ ಕೊಡಲ್ಲಪ್ಪ. ಮಲಗಿಸಲೇಬೇಕಾಗಿತ್ತು ಅಂತ ಡಾಕ್ಟ್ರು ಬರೀಬೇಕು. ಕೀವು ತುಂಬಿ, ದವಡೆ ಊದಿ, ಜ್ವರ ಬಂದಿದ್ರೆ ಕೊಡ್ತಿದ್ರೇನೋ."

ಅಪ್ಪ ನಾಲಿಗೆಯಿಂದ ಹೊಸ ಕ್ಯಾಪನ್ನು ಒಂದು ಸಲ ಸವರಿ ನೋಡಿಕೊಂಡರು. "ಅಂದ್ರೆ ನಾನು ಬೇಗ ಬಂದಿದ್ದೇ ತಪ್ಪಾಯ್ತು ಅನ್ನು" ಅಂದರು.

ಇಷ್ಟು ಪುಟ ಓದಿ ನಾನು ಮಾಡಿದ ವಿಮರ್ಶೆಯನ್ನ ಅಪ್ಪ ಒಂದೇ ಸಾಲಲ್ಲಿ ಹೇಳಿ ಬಸ್ಸು ಹತ್ತಿದರು.