ಗಾಜಿನ ಹಲಗೆ

2018ರ ಮರ್ಸಿಡಿಸ್ ಎ-ಕ್ಲಾಸ್ ಸೆಡಾನಿನ ಮೈಕಟ್ಟಿನ ಬಗ್ಗೆ ನನ್ನ ತಕರಾರು ಕಡಿಮೆ. ಮೂಗು ತಗ್ಗಿಸಿ ನಿಂತ ಭಂಗಿಯಲ್ಲಿ ಒಂದು ಬಿಗಿಯಿದೆ. ಹಿಂಭಾಗ ಮಾತ್ರ ಯಾರೋ ಅವಸರದಲ್ಲಿ ಮುಗಿಸಿದಂತಿದೆ. ಇರಲಿ.

ನನ್ನ ಜಗಳ ಒಳಗಿನದು. ಡ್ಯಾಶ್‌ಬೋರ್ಡಿನ ಮೇಲೆ ಒಂದೇ ಗಾಜಿನ ಹಿಂದೆ ಎರಡು ಪರದೆಗಳು, ನೆರಳಿಗೊಂದು ಮರೆಯೂ ಇಲ್ಲದೆ, ಶಾಲೆಯ ಕರಿಹಲಗೆಯ ಹಾಗೆ ಉದ್ದಕ್ಕೆ ನಿಂತಿವೆ. ಅಗ್ಗದ ಮಾದರಿಗಳಲ್ಲಿ ಚೌಕಟ್ಟು ಅಷ್ಟೇ ದೊಡ್ಡದು, ಒಳಗೆ ಏಳಿಂಚಿನ ಪರದೆ, ಸುತ್ತ ಕಪ್ಪು ಬಯಲು. ದೊಡ್ಡ ಹರಿವಾಣದಲ್ಲಿ ಒಂದೇ ಇಡ್ಲಿ ಬಡಿಸಿದ ಹಾಗೆ! ಇದನ್ನು ಸಿರಿತನವೆನ್ನಲು ನನಗೆ ಮನಸ್ಸು ಬಾರದು.

ನಡೆಸುವುದಕ್ಕೆ ಬೆರಳಿನ ಸ್ಪರ್ಶ, ಸ್ಟಿಯರಿಂಗಿನ ಗುಂಡಿ, ಕೈಪಕ್ಕದ ಟಚ್‌ಪ್ಯಾಡ್. ಸಾಲದೆಂಬಂತೆ 'ಹೇ ಮರ್ಸಿಡಿಸ್' ಎಂದು ಕರೆದು ಚಳಿಯೆಂದರೆ ಬಿಸಿ ಹೆಚ್ಚಿಸುತ್ತದೆ. ಮೆಚ್ಚಬೇಕಾದದ್ದೇ. ಆದರೂ ಎ.ಸಿ.ಗೆಂದು ಕೆಳಗೆ ಉಳಿಸಿದ ನಿಜವಾದ ಗುಂಡಿಗಳ ಸಾಲೇ ನನಗಿಷ್ಟ. ನಾಲ್ಕು ದಿನ ಓಡಿಸಿದರೆ ಅವುಗಳ ಜಾಗ ಬೆರಳಿಗೇ ತಿಳಿಯುತ್ತದೆ. ಗಾಜು ಎಲ್ಲಿ ಮುಟ್ಟಿದರೂ ಒಂದೇ, ಅದಕ್ಕೆ ಕಣ್ಣು ಬೇಕು. ಗಂಟೆಗೆ 80 ಕಿ.ಮೀ. ವೇಗದಲ್ಲಿ ಎರಡು ಸೆಕೆಂಡು ಕಣ್ಣು ಅತ್ತ ಹೋದರೆ ಕಾರು 44 ಮೀಟರು ಮುಂದೆ ಹೋಗಿರುತ್ತದೆ. 2021ರಲ್ಲಿ ಈ ಕಾರು ನಮ್ಮ ದೇಶಕ್ಕೂ ಬಂತು. ನಮ್ಮ ಹೆದ್ದಾರಿಯ 44 ಮೀಟರಿನಲ್ಲಿ ಒಂದು ಎಮ್ಮೆ, ಎದುರುದಿಕ್ಕಿನಿಂದ ಬರುವ ಒಂದು ಮೊಪೆಡ್ಡು, ಅದರ ಹಿಂದೆ ಕೂತ ಮಗು, ಇಷ್ಟೂ ಇರುತ್ತವೆ.